ಪ್ರಸನ್ನನ ಜೋಡಿ ಡ್ರೈವು, ನನ್ನ ಹೊಟ್ಟೆಯುರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮಗೂ ನನಗೂ ಮನಸ್ತಾಪ ಬೇಡ: ತಪ್ಪು ನನ್ನದೇ. ಕಳ್ಳ ಬಂದಿರಲಿಲ್ಲ, ಸಿಡಿಲು ಬಡಿದಿರಲಿಲ್ಲ, ಕಂಪ್ಯೂಟರಿಗೆ ಯಾವ ವೈರಸ್ಸೂ ಅಂಟಿರಲಿಲ್ಲ. ನಮ್ಮ ಓಣಿಯ ಕರೆಂಟು ಕೂಡ ಅವತ್ತು ಅಪರೂಪಕ್ಕೆ ಎಲ್ಲಿಗೂ ಹೋಗದೆ ಮನೆಯಲ್ಲೇ ಕೂತಿತ್ತು. ವರ್ಷಗಟ್ಟಲೆ ಓಣಿ ಓಣಿ ತಿರುಗಿ ಕೂಡಿಹಾಕಿದ್ದ ದನಿಗಳನ್ನೆಲ್ಲ ನಾನೇ, ನನ್ನ ಈ ತೋರುಬೆರಳಿನಿಂದಲೇ, 'ಹೌದು' ಎಂಬ ಗುಂಡಿ ಒತ್ತಿ ಅಳಿಸಿಹಾಕಿದೆ. ಅದೂ ಎಂಥ ಹೊತ್ತಿನಲ್ಲಿ? ಅವುಗಳನ್ನು ಭದ್ರವಾಗಿ ಕಾಪಾಡಬೇಕು ಎಂದು ಹೊರಟ ಹೊತ್ತಿನಲ್ಲಿ. ಇನ್ನೂ ಖರೆ ಹೇಳಬೇಕೆಂದರೆ, ಕಾಪಾಡಬೇಕು ಎಂದೂ ಅಲ್ಲ. ಪ್ರಸನ್ನನ ಹತ್ತಿರ ಇದ್ದದ್ದು ನನ್ನ ಹತ್ತಿರವೂ ಇರಬೇಕು ಎಂದು.

ಪ್ರಸನ್ನ ನನ್ನ ಸೋದರತ್ತೆಯ ಮಗ. ನನಗಿಂತ ಕೆಲವೇ ತಿಂಗಳು ದೊಡ್ಡವನು. ಆದರೆ ಆ ಕೆಲವು ತಿಂಗಳಲ್ಲೇ ಈ ಜಗತ್ತಿನ ಜವಾಬ್ದಾರಿಯನ್ನೆಲ್ಲ ಕಲಿತು ಮುಗಿಸಿ, ನನಗೆ ಏನನ್ನೂ ಉಳಿಸದೆ ಹೋದ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಅವರ ಮನೆ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮದುವೆ, ಮುಂಜಿವೆ, ವಾಸ್ತುಶಾಂತಿಗಳ ವಿಡಿಯೊ ತೆಗೆದು, ಅಲ್ಲೇ ಕೂತು ಕತ್ತರಿಸಿ ಜೋಡಿಸಿ ಕೊಡುತ್ತಾನೆ. ನಾನು ಧಾರವಾಡದ ಮಾಳಮಡ್ಡಿಯವನು. ನನ್ನ ಕೆಲಸ ಇಂಥದು ಎಂದು ಹೇಳುವುದು ಸ್ವಲ್ಪ ಕಷ್ಟ. ನಾನಲ್ಲದವರ ಹಾಗೆ ಮಾತಾಡಿ ಹೊಟ್ಟೆ ಹೊರೆಯುತ್ತೇನೆ ಎಂದರೆ ಸಾಕು. ಶಾಲೆ ಕಾಲೇಜಿನ ಗ್ಯಾದರಿಂಗು, ಸೀಮಂತ, ನಿವೃತ್ತಿ ಸಮಾರಂಭ, ಎಲ್ಲಿ ನಾಲ್ಕು ಕುರ್ಚಿ ಹಾಕಿ ಮೈಕು ಕೊಡುತ್ತಾರೋ ಅಲ್ಲಿ ನನ್ನ ಮಿಮಿಕ್ರಿ. ಈ ವಿದ್ಯೆ ನನ್ನೊಳಗೆ ಎಷ್ಟು ಇಳಿದಿದೆ ಎಂದರೆ ನನ್ನದು ಎಂದು ಹೇಳಿಕೊಳ್ಳಲು ಏನೂ ಉಳಿದಿಲ್ಲ. ನನ್ನ ನಗು ಹೈಸ್ಕೂಲಿನ ಗಣಿತದ ಮಾಸ್ತರದು. ಸೀನು ನಮ್ಮ ಕಾಕಾನದು. ಆಕಳಿಕೆ ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ತರರದು. ಅದು ಮೂರು ಏರಿಳಿತದಲ್ಲಿ ಹೋಗಿ ಕೊನೆಗೆ 'ನಾರಾಯಣಾ' ಎಂದು ಇಳಿಯುತ್ತದೆ. ಸಣ್ಣವನಿದ್ದಾಗ ಅಪ್ಪನ ದನಿಯಲ್ಲಿ ಅಡುಗೆಮನೆಗೆ "ಒಂದ್ ಕಪ್ ಛಾ ಆಗ್ಲಿ" ಎಂದು ಕೂಗುತ್ತಿದ್ದೆ. ಅವ್ವ ಛಾ ಮಾಡಿ ತಂದು ನೋಡಿದರೆ ಅಪ್ಪ ಆಫೀಸಿನಲ್ಲಿ. ಆ ಛಾ ನನಗೇ ಸಿಗುತ್ತಿತ್ತು, ಜೊತೆಗೆ ಬೆನ್ನಿಗೆ ಒಂದು.

ಈ ಪ್ರಸನ್ನನ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೊಟ್ಟೆಕಿಚ್ಚಿನ ಬಗ್ಗೆ ನಾನು ಸಾಕಷ್ಟು ವಿಚಾರ ಮಾಡಿದ್ದೇನೆ. ಬೇರೆ ಯಾವ ವಿಷಯದಲ್ಲೂ ಇಷ್ಟು ವಿಚಾರ ಮಾಡಿದ್ದರೆ ಇಷ್ಟೊತ್ತಿಗೆ ಡಾಕ್ಟರೇಟು ಬಂದಿರುತ್ತಿತ್ತು. ಅದರ ಒಂದು ಲಕ್ಷಣ ಕೇಳಿ. ಹೊಟ್ಟೆಕಿಚ್ಚಿಗೆ ದೊಡ್ಡವರು ರುಚಿಸುವುದಿಲ್ಲ. ಯಾರೋ ಶ್ರೀಮಂತ ಸ್ವಂತ ವಿಮಾನ ಕೊಂಡ ಸುದ್ದಿಯನ್ನು ಪೇಪರಿನಲ್ಲಿ ಓದಿದರೆ ನಾನು ತಣ್ಣಗೆ ಪುಟ ತಿರುವಿ, ಅವಲಕ್ಕಿಗೆ ಇನ್ನೊಂದಿಷ್ಟು ಶೇಂಗಾ ಹಾಕಿಕೊಳ್ಳುತ್ತೇನೆ. ಅದೇ ಬಾಜೂಮನೆಯವರು ಗೇಟಿಗೆ ಹೊಸ ಬಣ್ಣ ಬಳಿಸಿದರೆ ಅವತ್ತು ಅವಲಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ. ಹೊಟ್ಟೆಕಿಚ್ಚು ಮಂಡಿನೋವಿನ ಮುದುಕನಿದ್ದ ಹಾಗೆ. ಬಹಳ ದೂರ ನಡೆಯಲಾರದು. ಹೆಚ್ಚೆಂದರೆ ಧಾರವಾಡದಿಂದ ಹುಬ್ಬಳ್ಳಿಯವರೆಗೆ.

ನಮ್ಮಿಬ್ಬರ ನಡುವೆ ಇದು ಹಾಲುಹಲ್ಲಿನ ಕಾಲದಿಂದ ನಡೆದುಬಂದದ್ದು. ಅವನ ಅಕ್ಷರ ದುಂಡಗೆ. ಅವನ ಚಪ್ಪಲಿ ಎರಡೂ ಒಂದೇ ಕಡೆ ಮುಖ ಮಾಡಿ ಕೂರುತ್ತವೆ. ಅವನು ಊಟಕ್ಕೆ ಕೂತರೆ ಬಾಳೆಯೆಲೆಯೇ ಅವನಿಗೆ ಹೆದರಿ ಸರಿಯಾಗಿ ಕೂರುತ್ತದೆ. ನನಗೆ ಇದ್ದ ಒಂದೇ ಸಮಾಧಾನ ಎಂದರೆ ಅವನ ಮಾತು. ಪ್ರಸನ್ನ ಏನಾದರೂ ಹೇಳಬೇಕಾದರೆ ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ಚಾಳೀಸನ್ನು, ಅಂದರೆ ಕನ್ನಡಕವನ್ನು, ಹಣೆಯ ಕಡೆ ದೂಡುವುದು. ಆಮೇಲೆ 'ಏನಪಾ ಅಂದ್ರ' ಎಂದು ಶುರು ಮಾಡಿ, ಪ್ರತಿ ಶಬ್ದಕ್ಕೂ ಒಂದೊಂದು ನಿಲ್ದಾಣದಲ್ಲಿ ಇಳಿದು ಹತ್ತಿ, ಅಂತೂ ವಾಕ್ಯದ ಕೊನೆಗೆ ಬಂದು ತಲುಪುವುದು. ನಾನು ಇದನ್ನು ಮಾಡಿ ತೋರಿಸಿದರೆ ನಮ್ಮ ಬೀಗರು ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸ್ವತಃ ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡು "ಸಾಕೋ ಗಿರ್ಯಾ, ನನ್ನ ಕೂಸಿಗೆ ದೃಷ್ಟಿ ಆಗ್ತೈತಿ" ಎನ್ನುತ್ತಿದ್ದಳು. ಪ್ರಸನ್ನನೂ ನಗುತ್ತಿದ್ದ. ಅವನು ನಕ್ಕಾಗ ನನಗೆ ಮತ್ತೆ ಹೊಟ್ಟೆಕಿಚ್ಚು: ಇವನಿಗೆ ಸಿಟ್ಟು ಕೂಡ ಬರುವುದಿಲ್ಲವಲ್ಲ!

ಅವನು ಹೊಸ ಕಂಪ್ಯೂಟರ್ ಕೂಡಿಸಿದ ದಿನ ನಾನು ಅಲ್ಲೇ ಇದ್ದೆ. ಮೇಜಿನ ಕೆಳಗೆ ಇಡುವ ದೊಡ್ಡ ಪೆಟ್ಟಿಗೆ. ಅತ್ತೆ ಅದಕ್ಕೂ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ್ದಳು. ಅದರೊಳಗೆ ಅಂಗೈಯಗಲದ, ಒಂದೇ ಅಳತೆಯ, ಒಂದೇ ಕಂಪನಿಯ ಎರಡು ಎಸ್ಎಸ್‌ಡಿಗಳನ್ನು ಜೋಡಿಸಿದ. ಎಸ್ಎಸ್‌ಡಿ ಎಂದರೆ ನಮ್ಮ ಫೋಟೊ, ಹಾಡು, ವಿಡಿಯೊಗಳನ್ನೆಲ್ಲ ಇಟ್ಟುಕೊಳ್ಳುವ ಡ್ರೈವು. ಹಳೆಯ ಹಾರ್ಡ್ ಡಿಸ್ಕಿನ ಹಾಗೆ ಒಳಗೆ ಏನೂ ತಿರುಗುವುದಿಲ್ಲ, ಗುರುಗುಟ್ಟುವುದಿಲ್ಲ. ಸುಮ್ಮನೆ ಕೂತು ಕೆಲಸ ಮಾಡುತ್ತದೆ, ಪ್ರಸನ್ನನ ಹಾಗೆ. ಇಂಥ ಎರಡನ್ನು ಜೋಡಿಸಿ 'ಮಿರರ್' ಮಾಡಬಹುದು. ಆಗ ಒಂದರಲ್ಲಿ ಏನು ಬರೆದರೂ ಅದೇ ಕ್ಷಣಕ್ಕೆ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಒಂದು ಸತ್ತರೂ ಇನ್ನೊಂದು ಬದುಕಿರುತ್ತದೆ; ಮದುಮಗಳು ಅಕ್ಕಿಕಾಳು ಹಾಕುತ್ತಲೇ ಇರುತ್ತಾಳೆ. ಅವನು ಕೆಮ್ಮಿ, ಚಾಳೀಸು ಏರಿಸಿ, ನೀಲಿ ಪರದೆಯ ಮೇಲೆ ಒಂದೊಂದೇ ಸಾಲಿಗೆ ಬೆರಳಿಟ್ಟು ನನಗೆ ಎಲ್ಲ ವಿವರಿಸಿದ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಅವನು ಗುಂಡಿ ಒತ್ತುವ ಮೊದಲು ತುಟಿಯನ್ನು ಒಳಗೆಳೆದುಕೊಳ್ಳುತ್ತಾನೆ ಎಂಬುದನ್ನು ನಾನು ಕಂಡುಹಿಡಿದದ್ದು ಅವತ್ತೇ. ಕಲಾವಿದನಿಗೆ ಅಂಥ ದಿನಗಳು ಬಹಳ ಸಿಗುವುದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನನ್ನ ಸಂಗ್ರಹಕ್ಕೆ ಒಂದು ತುಟಿ ಸೇರಿತು ಎಂದು ಸುಮ್ಮನಿರುತ್ತಿದ್ದೆ. ಆದರೆ ಮುಂದಿನ ಮದುವೆ ಸೀಜನ್ನಿನಲ್ಲಿ ಅವನ ಒಂದು ಡ್ರೈವು ಸತ್ತಿತು. ಶಿರಗುಪ್ಪಿಯಿಂದ ಮದುಮಗಳ ತಂದೆ ತಮ್ಮ ಮಗಳ ವಿಡಿಯೊ ನೋಡಲು ಬಂದು ಪಕ್ಕದಲ್ಲೇ ಕೂತಿದ್ದರಂತೆ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಏನೋ ಬಂತು. ಅವರು ಗಾಬರಿಯಾಗಿ ಎದ್ದು ನಿಂತರು. ಪ್ರಸನ್ನ ಕಪ್ಪಿನಿಂದ ಬಶಿಗೆ ಸುರಿದುಕೊಂಡಿದ್ದ ಛಾ ಕುಡಿದು ಮುಗಿಸಿ, ಕೆಮ್ಮಿ, ಹೇಳಿದನಂತೆ: "ಏನಪಾ ಅಂದ್ರ... ಒಂದು ಹೋತ್ರಿ. ಇರ್ಲಿ ಬಿಡ್ರಿ, ಇನ್ನೊಂದು ಐತಿ."

ಆ ಮಾತನ್ನು ಮದುಮಗಳ ತಂದೆ ಹುಬ್ಬಳ್ಳಿ ತುಂಬ ಹೇಳಿಕೊಂಡು ಬಂದರು. ಯಾವ ಬೀಗರ ಮನೆಗೆ ಹೋದರೂ ಅದೇ ಕಥೆ. ಹುಬ್ಬಳ್ಳಿಯಲ್ಲಿ ಅದನ್ನು ಕೇಳಿ ನಾನು ಬಸ್ಸು ಹಿಡಿದು ಧಾರವಾಡ ಮುಟ್ಟುವ ಮೊದಲೇ ಅದು ನಮ್ಮ ಅಡುಗೆಮನೆ ಮುಟ್ಟಿತ್ತು. ಅವ್ವ ಚಪಾತಿ ಲಟ್ಟಿಸುತ್ತ ಲಟ್ಟಣಿಗೆಯನ್ನೇ ನನ್ನ ಕಡೆ ತೋರಿಸಿದಳು. "ನೋಡು, ಅಂವ ಹ್ಯಾಂಗ ಮುಂದಿಂದ ವಿಚಾರ ಮಾಡಿ ಇಟ್ಟಾನ. ನೀ ಅದಿ ನೋಡು, ಮುಂಜಾನೆ ಎದ್ದು ನನ್ನ ಬ್ರಷ್ ಎಲ್ಲೈತಿ ಅಂತ ಕೇಳ್ತಿ."

"ಎರಡು ಬ್ರಷ್ ಕೊಡಿಸು, ಒಂದು ಹೋದ್ರ ಇನ್ನೊಂದು ಇರ್ತೈತಿ" ಎಂದೆ. ಲಟ್ಟಣಿಗೆ ಇನ್ನಷ್ಟು ಹತ್ತಿರ ಬಂತು.

ನನ್ನನ್ನು ಸುಟ್ಟದ್ದು ಡ್ರೈವಲ್ಲ, ಆ ಛಾ. ಅಂಥ ಹೊತ್ತಿನಲ್ಲೂ ಬಶಿಯಲ್ಲಿದ್ದುದನ್ನು ಕುಡಿದು ಮುಗಿಸುವ ನೆಮ್ಮದಿ. ನನ್ನ ಹತ್ತಿರ ಎಲ್ಲವೂ ಒಂದೊಂದೇ: ಒಂದು ಛತ್ರಿ, ಒಂದು ಕೀಲಿಕೈ, ಒಂದು ಡ್ರೈವು. ಆ ಒಂದರಲ್ಲಿ ನನ್ನ ಇಡೀ ಬಾಳುವೆ ಇತ್ತು. ಅದೇನೆಂದು ಹೇಳಬೇಕು.

ನಾಯಕ ನಟರನ್ನೂ ರಾಜಕಾರಣಿಗಳನ್ನೂ ಅನುಕರಿಸುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮೊದಲಿನಿಂದಲೂ ಓಣಿಯ ದನಿಗಳ ಹುಚ್ಚು. ಉಪ್ಪಿನಬೆಟಗೇರಿಯಿಂದ ಬುಟ್ಟಿ ಹೊತ್ತು ಬರುವ ಬಸವ್ವನ 'ಬೆಣ್ಣೀ... ಮಸರಾ...', ಚುರುಮುರಿ ಗಿರಮಿಟ್ಟಿನ ಗಾಡಿಯವನು ಡಬ್ಬಿ ಬಡಿಯುತ್ತ ಎಳೆಯುವ ರಾಗ, ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರನ್ನು ಮೂರು ಸಲ ನುಂಗಿ ನಾಲ್ಕನೆಯ ಸಲ ಉಗುಳುವ ಕಂಡಕ್ಟರು, ಹಳೆಯ ಸೀರೆಗೆ ಸ್ಟೀಲಿನ ಬಾಂಡೆ-ಪಾತ್ರೆ ಕೊಡುವ ಮುದುಕ. ಈ ಮುದುಕನ ಗಂಟಲಿನಲ್ಲಿ ತುಕ್ಕು ಹಿಡಿದ ಗೇಟಿನ ಕಿರುಗುಟ್ಟುವಿಕೆ ಇತ್ತು. 'ಹಳೀ ಸೀರೀ' ಎಂದು ತೆರೆದುಕೊಂಡು 'ಬಾಂಡೇ' ಎಂದು ಮುಚ್ಚಿಕೊಳ್ಳುತ್ತಿತ್ತು. ಈಗ ತಳ್ಳುಗಾಡಿಗಳಿಗೆಲ್ಲ ಸ್ಪೀಕರು ಬಂದಿದೆ. ಎಲ್ಲರ ಉಳ್ಳಾಗಡ್ಡಿಯೂ ಒಂದೇ ದನಿಯಲ್ಲಿ ಮಾರಾಟವಾಗುತ್ತದೆ. ಹಾಗಾಗಿ ಬಾಯಿಂದ ಕೂಗುವವರು ಸಿಕ್ಕಲ್ಲೆಲ್ಲ ನಿಲ್ಲಿಸಿ, ಮೊಬೈಲು ಹಿಡಿದು, ಅವರ ದನಿ ತುಂಬಿಕೊಂಡು ಬರುತ್ತಿದ್ದೆ. ಮನೆಗೆ ಬಂದು ಅದಕ್ಕೆಂದೇ ಇಟ್ಟ ಆ ಡ್ರೈವಿಗೆ ಹಾಕಿ, ಮೊಬೈಲಿನಿಂದ ಅಳಿಸಿ, ಕಿವಿಗೆ ಹೆಡ್‌ಫೋನು ಏರಿಸಿ, ಒಂದೊಂದು ಕೂಗನ್ನು ವಾರಗಟ್ಟಲೆ ಗಂಟಲಿಗೆ ಹಚ್ಚಿಕೊಳ್ಳುತ್ತಿದ್ದೆ. ಮೂಲ ಎದುರಿಗಿಲ್ಲದಿದ್ದರೆ ನಾನು ತಂಬೂರಿ ಇಲ್ಲದ ಗವಾಯಿ. ಕೇಶ್ವಾಪುರದ ಒಂದು ತರುಣ ಸಂಘದವರು ಮೊಟ್ಟಮೊದಲ ಸಲ ನನಗೊಬ್ಬನಿಗೇ ಒಂದು ಇಡೀ ಸಂಜೆ ಕೊಟ್ಟಿದ್ದರು. ಕಾರ್ಯಕ್ರಮದ ಹೆಸರು 'ಓಣಿಯ ದನಿಗಳು'. ಎರಡು ವಾರ ಬಾಕಿ ಇತ್ತು. ಅದು ಚೆನ್ನಾಗಿ ಆದರೆ ನಾನು ಕಲಾವಿದ. ಆಗದಿದ್ದರೆ ಇದ್ದೇ ಇದೆಯಲ್ಲ, ಸೀಮಂತ.

ತಂಬೂರಿ ಎಂದೆನಲ್ಲ, ಅದಕ್ಕೊಂದು ಮಾತು. ಧಾರವಾಡದಲ್ಲಿ ಹುಟ್ಟಿದವನಿಗೆ ಸಂಗೀತ ಬರದಿದ್ದರೂ ಬೈಠಕ್ಕಿನಲ್ಲಿ ಕೂತು ತಲೆ ಆಡಿಸುವುದು ಬರುತ್ತದೆ. ಗವಾಯಿಗಳ ಹಿಂದೆ ಎರಡು ತಂಬೂರಿ ಇರುವುದನ್ನು ನೀವು ನೋಡಿರುತ್ತೀರಿ. ಒಂದರ ತಂತಿ ಇಳಿದರೂ ಇನ್ನೊಂದು ಶ್ರುತಿ ಹಿಡಿದಿರುತ್ತದೆ. ನಮ್ಮ ಹಿರಿಯರಿಗೆ ಮಿರರಿಂಗ್ ಗೊತ್ತಿತ್ತು ಎಂದು ಸಭೆಯಲ್ಲಿ ಭಾಷಣ ಮಾಡಲು ಇಷ್ಟು ಸಾಕು. ಇನ್ನು ಶಿಷ್ಯರು. ಗುರು ಹಾಡಿದ್ದನ್ನು ಹಾಗೇ ಹಾಡುತ್ತಾರೆ. ಗುರು ನಡುವೆ ಕೆಮ್ಮಿದರೆ ಅದೂ ಗಾಯನಶೈಲಿಯ ಒಂದು ಅಂಗವೆಂದು ತಿಳಿದು ಶಿಷ್ಯನೂ ಅದೇ ಜಾಗದಲ್ಲಿ, ಅದೇ ಶ್ರುತಿಯಲ್ಲಿ ಕೆಮ್ಮುತ್ತಾನೆ. ಮುಂದೆ ಅವನ ಶಿಷ್ಯನೂ ಕೆಮ್ಮುತ್ತಾನೆ. ಮೂರನೆಯ ತಲೆಮಾರಿಗೆ ಅದು ಘರಾಣೆಯ ಕೆಮ್ಮಾಗುತ್ತದೆ. ನಾನು ಇದನ್ನು ಹೇಳಿ ಬಹಳ ಜನರನ್ನು ನಗಿಸಿದ್ದೇನೆ, ಆ ಶಿಷ್ಯರಿಗಿಂತ ನಾನು ಬಹಳ ಶಾಣ್ಯಾ ಎಂಬ ಭಾವದಲ್ಲಿ.

ಸರಿ, ನಾನೂ ಒಂದು ಡ್ರೈವು ತಂದೆ. ನನ್ನಲ್ಲಿದ್ದುದರ ತದ್ರೂಪು. ಅಂಗಡಿಯವನು "ಹಾಕಿ ಕೊಡ್ಲೇನ್ರಿ?" ಎಂದ. ಬೇಡ ಎಂದೆ. ಪ್ರಸನ್ನನಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಆದರೆ ಹೊಟ್ಟೆಕಿಚ್ಚು ಪಡುವವನಿಗೂ ಒಂದು ಮಾನ ಇರುತ್ತದೆ ನೋಡಿ. ಯಾರ ಮೇಲೆ ಉರಿಯುತ್ತೇವೋ ಅವರನ್ನೇ ಕಡ್ಡಿಪೆಟ್ಟಿಗೆ ಕೊಡು ಎಂದು ಕೇಳಲಾಗುತ್ತದೆಯೆ? ಅಲ್ಲದೆ ಕೇಳುವ ಗರಜೂ ಇರಲಿಲ್ಲ. ಅವನು ಮಾಡಿದ್ದನ್ನೆಲ್ಲ ನಾನು ನೋಡಿದ್ದೆ. ಒಂದು ಸಲ ನೋಡಿದ್ದನ್ನು ಮರೆಯುವ ಜಾತಿಯವನಲ್ಲ ನಾನು.

ಬಿಸಿಲೇರಿದ ಹೊತ್ತು. ಹೊರಗಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿ, ಹೊಸ ಡ್ರೈವನ್ನು ಹಳೆಯದರ ಪಕ್ಕಕ್ಕೆ ಕೂಡಿಸಿ, ಕಂಪ್ಯೂಟರು ಏಳುವಾಗಲೇ ಗುಂಡಿ ಒತ್ತಿ ಆ ನೀಲಿ ಪರದೆಗೆ ಹೋದೆ. ಅಲ್ಲಿಂದ ಮುಂದೆ ಕೆಲಸ ಮಾಡಿದವನು ನಾನಲ್ಲ, ಪ್ರಸನ್ನ. ಒಂದು ಸಣ್ಣ ಕೆಮ್ಮು. ಚಾಳೀಸು ಇಲ್ಲದಿದ್ದರೂ ಮೂಗಿನ ಮೇಲಿಂದ ಗಾಳಿಯನ್ನು ಹಣೆಗೆ ದೂಡಿದೆ. "ಏನಪಾ ಅಂದ್ರ..." ಎಂದೆ. ಎರಡೂ ಡ್ರೈವು ಆರಿಸು ಎಂದಿತು ಪರದೆ, ಆರಿಸಿದೆ. ಮಿರರ್ ಎಂಬ ಸಾಲಿಗೆ ಹೋಗು ಎಂದಿತು, ಹೋದೆ. ಆಮೇಲೆ ಹಳದಿ ಚೌಕಟ್ಟಿನೊಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದವು. ಅವನ ಪರದೆಯ ಮೇಲೂ ಬಂದಿದ್ದವು. ಅವನೂ ಹೌದು ಒತ್ತಿದ್ದ. ನಾನು ಆ ಸಾಲುಗಳನ್ನು ಅವನದೇ ಉಚ್ಚಾರದಲ್ಲಿ, ನಿಲ್ದಾಣ ನಿಲ್ದಾಣಕ್ಕೆ ಇಳಿದು ಹತ್ತುತ್ತ, ದೊಡ್ಡ ದನಿಯಲ್ಲಿ ಓದಿದೆ. ಒಳಗಿನಿಂದ ಅವ್ವ "ಪ್ರಸನ್ನ ಯಾವಾಗ ಬಂದೀಪಾ? ಛಾ ಇಡ್ಲೇನು?" ಎಂದು ಕೂಗಿದಳು. ಆ ಮೆಚ್ಚುಗೆಯ ಹುಮ್ಮಸ್ಸಿನಲ್ಲಿ ತುಟಿಯನ್ನು ಒಳಗೆಳೆದುಕೊಂಡು ಹೌದು ಒತ್ತಿದೆ.

ಕೆಲಸ ಕ್ಷಣದಲ್ಲಿ ಮುಗಿಯಿತು. ಎರಡೂ ಡ್ರೈವುಗಳು ಆರೋಗ್ಯವಾಗಿವೆ ಎಂದು ಹಸಿರಕ್ಷರದಲ್ಲಿ ಬಂತು. ಅವ್ವ ತಂದ ಛಾವನ್ನು ಬಶಿಗೆ ಸುರಿದುಕೊಂಡು, ಪ್ರಸನ್ನನ ನೆಮ್ಮದಿಯನ್ನು ಒಂದು ಗುಟುಕು ಕುಡಿದು, ದನಿಗಳನ್ನು ಇಟ್ಟ ಜಾಗ ತೆರೆದೆ.

ಏನೂ ಇರಲಿಲ್ಲ. ಆ ಎರಡು ಸಾಲು ಹೇಳಿದ್ದು ಇದನ್ನೇ ಎಂದು ಈಗ ಅರ್ಥ ಬಿಡಿಸಿಕೊಂಡೆ: ಎರಡೂ ಡ್ರೈವುಗಳಲ್ಲಿ ಇದ್ದುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೆ? ಬಸವ್ವ ಇಲ್ಲ. ಗಿರಮಿಟ್ಟಿನವನು ಇಲ್ಲ. ಕಂಡಕ್ಟರು ಊರುಗಳನ್ನೆಲ್ಲ ನುಂಗಿಕೊಂಡು ಹೊರಟುಹೋಗಿದ್ದ. ಸೆಲೂನಿನಲ್ಲಿ ಎದುರುಬದುರು ಕನ್ನಡಿ ಇರುತ್ತವಲ್ಲ, ಮಂಗಳವಾರ ಅಂಗಡಿ ಮುಚ್ಚಿದಾಗ ಅವು ಒಂದರ ಖಾಲಿ ಕುರ್ಚಿಯನ್ನು ಇನ್ನೊಂದಕ್ಕೆ ತೋರಿಸುತ್ತ ಕೂತಿರುತ್ತವೆ. ನನ್ನ ಡ್ರೈವುಗಳು ಹಾಗೆ ಕೂತಿದ್ದವು. ಇನ್ನು ಮುಂದೆ ಒಂದು ಸತ್ತರೂ ಚಿಂತೆ ಇಲ್ಲ. ಇನ್ನೊಂದರಲ್ಲಿ ಏನೂ ಇಲ್ಲದ್ದು ಭದ್ರವಾಗಿ ಉಳಿಯುತ್ತದೆ.

ಛಾ ಆರಿತು. ಬಸ್ಸು ಹಿಡಿದು ಕೇಶ್ವಾಪುರಕ್ಕೆ ಹೋದೆ, ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. ದಾರಿಯುದ್ದಕ್ಕೂ ನನ್ನ ಬಾಯಿಂದ ಯಾರ ದನಿಯೂ ಬರಲಿಲ್ಲ. ಪ್ರಸನ್ನ ನನ್ನ ಮುಖ ನೋಡಿ, ಪರದೆಯ ಮೇಲೆ ಹಚ್ಚಿಕೊಂಡಿದ್ದ ಮದುವೆಯನ್ನು ಅಲ್ಲಿಗೇ ನಿಲ್ಲಿಸಿ, ಸಂಜೆಯವರೆಗೆ ಏನೇನೋ ಮಾಡಿದ. ಹೊಸ ಹೊಸ ಸಾಫ್ಟ್‌ವೇರು ಹಾಕಿದ, ತೆಗೆದ. ಗೊತ್ತಿದ್ದವರಿಗೆಲ್ಲ ಫೋನು ಮಾಡಿದ. ಕೊನೆಗೆ ಚಾಳೀಸು ತೆಗೆದು ಮೇಜಿನ ಮೇಲಿಟ್ಟ. "ಏನಪಾ ಅಂದ್ರ... ಬರೂದಿಲ್ಲ ಗಿರ್ಯಾ." ಅಷ್ಟೇ. ಕೆಮ್ಮು ಕೂಡ ಇರಲಿಲ್ಲ. ನನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಮತ್ತೆ ಹೊಟ್ಟೆ ಉರಿಯಿತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆಗೆ ಸಮಾಧಾನವಾಗಲಿಲ್ಲ. "ಅಲ್ಲೋ, ಅಂವ ಮಾಡಿದಂಗ ಮಾಡಿದ್ನಿ ಅಂತಿ. ಅಂವಂದು ಯಾಕ ಹೋಗಲಿಲ್ಲ?"

"ಅಂವನವು ಎರಡೂ ಹೊಸಾವು ಇದ್ವು ಅತ್ತಿ. ಒಳಗ ಏನೂ ಇರಲಿಲ್ಲ."

"ಅಂದ್ರ ಅಂವ ಖಾಲಿ ಡಬ್ಬಿ ತೊಳದ. ನೀ ಉಪ್ಪಿನಕಾಯಿ ತುಂಬಿದ್ದು ತೊಳದಿ."

ಇಡೀ ತಂತ್ರಜ್ಞಾನವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ. ಅದಾದ ಮೇಲೆ ಅತ್ತೆ ನನ್ನ ತಲೆ ಸವರಿ ಊಟಕ್ಕೆ ಹಾಕಿದಳು. ಉಪ್ಪಿನಕಾಯಿ ಬಡಿಸುವಾಗ ಮಾತ್ರ ನನ್ನ ಕಡೆ ನೋಡಲಿಲ್ಲ.

ಆ ರಾತ್ರಿಯ ಬಸ್ಸಿನಲ್ಲಿ ನನಗೊಂದು ಅದ್ಭುತವಾದ ವಿಚಾರ ಹೊಳೆಯಿತು. ಅವತ್ತು ಅಷ್ಟೆಲ್ಲ ವಿವರಿಸುವಾಗ ಪ್ರಸನ್ನ ಒಂದೇ ಒಂದು ಮಾತು, 'ನೋಡಪಾ, ಇದು ಇದ್ದದ್ದನ್ನೆಲ್ಲ ಅಳಿಸುತ್ತದೆ' ಎಂದು ಹೇಳಿದ್ದರೆ ಏನಾಗುತ್ತಿತ್ತು? ಬಸವ್ವ ಉಳಿಯುತ್ತಿದ್ದಳು. ಬಾಂಡೆಯ ಮುದುಕ ಉಳಿಯುತ್ತಿದ್ದ. ಬೇಕೆಂತಲೇ ಹೇಳಲಿಲ್ಲ ಎಂದು ಅನ್ನಲಾರೆ, ಆದರೂ ಹೇಳಲಿಲ್ಲವಲ್ಲ! ಇಷ್ಟು ವರ್ಷ ನನ್ನ ಹೊಟ್ಟೆಕಿಚ್ಚಿಗೆ ಕಾರಣವೇ ಇರಲಿಲ್ಲ, ಬಡಪಾಯಿ ಹಾಗೇ ಉರಿಯುತ್ತಿತ್ತು. ಈಗ ಅದಕ್ಕೊಂದು ನ್ಯಾಯವಾದ ಕಾರಣ ಸಿಕ್ಕಿತು. ನ್ಯಾಯವಾದ ಹೊಟ್ಟೆಕಿಚ್ಚಿನ ಸುಖ ಏನೆಂದು ಪಟ್ಟವರಿಗೇ ಗೊತ್ತು. ಆ ಸುಖದಲ್ಲಿ ನವಲೂರು ದಾಟಿದ್ದೂ ತಿಳಿಯಲಿಲ್ಲ.

ಸುಖದಿಂದ ಕಾರ್ಯಕ್ರಮ ಆಗುವುದಿಲ್ಲ. ಮರುದಿನದಿಂದ ಮತ್ತೆ ಓಣಿ ಓಣಿ ತಿರುಗಿದೆ. ಗಿರಮಿಟ್ಟಿನ ಗಾಡಿಗೆ ಸ್ಪೀಕರು ಬಂದಿತ್ತು. ಕಂಡಕ್ಟರಿಗೆ ಬೇರೆ ಊರಿನ ರೂಟು. ಬಾಂಡೆಯ ಮುದುಕನನ್ನು ಕೇಳಿದರೆ ಯಾವ ಓಣಿಯವರಿಗೂ ಗೊತ್ತಿಲ್ಲ. ಮಳೆಗಾಲದ ಮೊದಲೇ ಬರುವುದು ನಿಲ್ಲಿಸಿದನಂತೆ. ಹೆಸರು ಕೂಡ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನ್ನ ಹತ್ತಿರ ಅವನ ಹೆಸರಿಗಿಂತ ಒಳ್ಳೆಯದು ಇತ್ತು. ಅದನ್ನು ನಾನು ತೊಳೆದಿದ್ದೆ. ಎಲ್ಲವನ್ನೂ ತಮಾಷೆ ಮಾಡುವ ಅಭ್ಯಾಸದವನು ನಾನು. ಆದರೆ ಅವತ್ತು ಒಂದು ಕಟ್ಟೆಯ ಮೇಲೆ ಕೂತು, ಬಾಯಿ ಮುಚ್ಚಿಕೊಂಡು, ಗಂಟಲಿನೊಳಗೇ ಆ ಕೂಗನ್ನು ಹುಡುಕಿದೆ. 'ಹಳೀ ಸೀರೀ' ಬಂತು. 'ಬಾಂಡೇ' ಬರಲಿಲ್ಲ. ಗೇಟು ತೆರೆದೇ ನಿಂತಿತು.

ಬಸವ್ವ ಒಬ್ಬಳು ಸಿಕ್ಕಳು. ಬುಟ್ಟಿ ಇಳಿಸಿ, ಕೇಳಿದ ಕೂಡಲೇ ಕೂಗಿದಳು. ಆದರೆ ಮೊದಲಿನ ಹಾಗಿರಲಿಲ್ಲ. ಆಗ 'ಬೆಣ್ಣೀ' ಎಂಬುದು ಮೇಲೇರಿ ಒಂದು ಸುತ್ತು ತಿರುಗಿ ಇಳಿಯುತ್ತಿತ್ತು. ಈಗ ಸೀದಾ ಹೋಯಿತು. ಇನ್ನೊಮ್ಮೆ ಕೂಗಿಸಿದೆ, ಮತ್ತೊಮ್ಮೆ ಕೂಗಿಸಿದೆ. "ಹಂಗಲ್ಲ ಬಸವ್ವಾ, ಹ್ವಾದ ವರ್ಷ ಕೂಗಿದ್ದಿಯಲ್ಲ, ಹಂಗ ಕೂಗು" ಎಂದು ನಾನೇ ಕೂಗಿ ತೋರಿಸಿದೆ.

ಬಸವ್ವ ಸಿಂಬಿ ಸರಿ ಮಾಡಿಕೊಂಡು ಬುಟ್ಟಿ ಎತ್ತಿದಳು. "ಹ್ವಾದ ವರ್ಷದ್ದು ನಿನ್ನ ಬಾಯಾಗ ಐತಲ್ಲೋ ತಮ್ಮಾ. ನನಗ ಇವತ್ತಿನ ಮಸರು ಮಾರೂದೈತಿ."

ಹೀಗೆ ಬಾಯಲ್ಲಿ ಇದ್ದಷ್ಟನ್ನು ನೆಚ್ಚಿಕೊಂಡು ವೇದಿಕೆ ಹತ್ತಿದೆ. ಪ್ರಸನ್ನ ತಾನಾಗಿ ಕ್ಯಾಮೆರಾ ಹಿಡಿದು ಬಂದು ಮುಂದೆ ನಿಂತಿದ್ದ. ಅತ್ತೆ, ಅವ್ವ ಮೊದಲನೆಯ ಸಾಲಿನಲ್ಲಿ. ಬಸವ್ವನನ್ನು ಮಾಡಿದೆ, ಜನ ನಕ್ಕರು. ಗಿರಮಿಟ್ಟು, ಕಂಡಕ್ಟರು ಹೇಗೋ ಆದರು. ಬಾಂಡೆಯ ಮುದುಕನಿಗೆ ಬಂದಾಗ ಅರ್ಧಕ್ಕೇ ನಿಂತೆ. ಇನ್ನು ಬೇರೆ ದಾರಿ ಇರಲಿಲ್ಲ. ಮುದುಕನ ದನಿ ಹೋದ ಕಥೆಯನ್ನೇ ಹೇಳಲು ಶುರು ಮಾಡಿದೆ. ಕೆಮ್ಮು, ಚಾಳೀಸು, 'ಏನಪಾ ಅಂದ್ರ', ನೀಲಿ ಪರದೆ, ಒಳಗೆಳೆದ ತುಟಿ, ಬಶಿಯ ಛಾ, ಅತ್ತೆಯ ಉಪ್ಪಿನಕಾಯಿ ಡಬ್ಬಿ. ಯಾವ ತಯಾರಿಯೂ ಇಲ್ಲದೆ ಒಂದೇ ಸಮನೆ ಬಂತು. ಜನ ಕುರ್ಚಿಯಲ್ಲಿ ಕೂರಲಾರದೆ ಹೋದರು. ಇಷ್ಟು ಜನ ಇಷ್ಟು ಹೊತ್ತು ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಕಾರ್ಯಕ್ರಮ ಮುಗಿಯಿತು. ಶಾಲು ಹೊದ್ದು, ಫಲದ ಬುಟ್ಟಿ ಹಿಡಿದು, ಮೆಚ್ಚಿದವರು ಬಂದು ಮುತ್ತುತ್ತಾರೆ ಎಂದು ವೇದಿಕೆ ಇಳಿದು ನಿಂತೆ. ಜನ ಬಂದರು. ಬಂದು ನನ್ನನ್ನು ದಾಟಿ ಹೋದರು. "ಅವರ ಏನ್ರಿ ಪ್ರಸನ್ನ? ಖರೇನ?" ಎನ್ನುತ್ತ ಕ್ಯಾಮೆರಾದ ಸುತ್ತ ಸೇರಿದರು. ಒಬ್ಬ "ಒಂದ್ಸಲ ಕೆಮ್ಮರಿ ಸರ್" ಎಂದ. ಪ್ರಸನ್ನ ನಾಚಿಕೊಂಡು ಕೆಮ್ಮಿದ. ಚಪ್ಪಾಳೆ! ಕಾಲೇಜು ಹುಡುಗಿಯರು ಅವನ ಜೊತೆ ಸೆಲ್ಫಿ ತೆಗೆಸಿಕೊಂಡರು. ಅದರಲ್ಲಿ ಒಬ್ಬಳು "ಅಣ್ಣಾ, ಸ್ವಲ್ಪ ಹಿಡೀರಿ" ಎಂದು ತನ್ನ ಮೊಬೈಲನ್ನು ನನ್ನ ಕೈಗೇ ಕೊಟ್ಟಳು. ಮೂಲ ಎದುರಿಗೆ ಸಿಕ್ಕಮೇಲೆ ನಕಲು ಯಾರಿಗೆ ಬೇಕು? ನಾನು ಗಂಟಲು ಹರಿದುಕೊಂಡು ಅವನನ್ನು ಊರಿಗೆ ದೊಡ್ಡವನನ್ನಾಗಿ ಮಾಡಿದ್ದೆ. ಇಷ್ಟಾದ ಮೇಲೂ, ಕಾರ್ಯಕ್ರಮದ ವಿಡಿಯೊ ಅವನ ಎರಡು ಡ್ರೈವಿನಲ್ಲಿ ಭದ್ರವಾಗಿ ಇರುತ್ತದೆ. ನನ್ನ ಯಶಸ್ಸಿಗೂ ಅವನದೇ ಪಹರೆ!

ಶಾಲಿನೊಳಗೆ ಮೈ ಬೆಂದುಹೋಯಿತು. ಇಷ್ಟು ದಿನ ನಾನು ಜತನದಿಂದ ಇಟ್ಟುಕೊಂಡಿದ್ದ ಆ ನ್ಯಾಯವಾದ ಕಾರಣವನ್ನು ಹೊರತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವ್ವ, ಅತ್ತೆ, ಸಂಘದವರು, ಸೆಲ್ಫಿಯವರು, ಎಲ್ಲರ ನಡುವೆ ನುಗ್ಗಿ ನಿಂತು, ಮೊದಲ ಸಲ ಯಾರ ದನಿಯೂ ಅಲ್ಲದ ನನ್ನ ದನಿಯಲ್ಲಿ ಹೇಳಿದೆ: "ಎಲ್ಲಾರೂ ನಗಾಕತ್ತೀರಿ. ಆದ್ರ ಇಂವ ಅವತ್ತು ಒಂದ ಒಂದು ಮಾತು ಹೇಳಿದ್ರ ಆ ಮುದುಕನ ದನಿ ಇವತ್ತ ಉಳೀತಿತ್ತು. ಯಾಕ ಹೇಳಲಿಲ್ಲ ಕೇಳ್ರಿ ಇಂವನ್ನ!"

ಎಲ್ಲರೂ ಪ್ರಸನ್ನನ ಕಡೆ ತಿರುಗಿದರು. ಅತ್ತೆಯ ಮುಖ ಸಣ್ಣದಾಯಿತು. ಪ್ರಸನ್ನ ಕ್ಯಾಮೆರಾ ಕೆಳಗಿಟ್ಟ. ಕೆಮ್ಮಲಿಲ್ಲ, ಚಾಳೀಸು ಏರಿಸಲಿಲ್ಲ, ಯಾವ ನಿಲ್ದಾಣದಲ್ಲೂ ಇಳಿಯಲಿಲ್ಲ.

"ಎರಡು ಸರ್ತಿ ಹೇಳಿದ್ನೆಲ್ಲೋ ಗಿರ್ಯಾ. ನೀ ನಾ ಹ್ಯಾಂಗ ಹೇಳ್ತೇನಿ ಅಂತ ನೋಡಿದಿ, ಏನ್ ಹೇಳ್ತೇನಿ ಅಂತ ಕೇಳಲಿಲ್ಲ."